ವೆರ್ನಾ ಕ್ಲಿಮೆಕ್ ಸಹಿಗೆ ಒಬ್ಬ ಸಾಕ್ಷಿ

ಲಾಯ್ಡ್ ಹುಡಾಕ್ ಜಗತ್ತಿಗೆ ಅಂಕ ಕೊಡುತ್ತಿದ್ದ. ಹತ್ತಕ್ಕೆ ಇಷ್ಟು ಎಂದು. ಕೊಡು ಎಂದು ಜಗತ್ತೇನೂ ಅವನನ್ನು ಕೇಳಿರಲಿಲ್ಲ.

ಚರ್ಚಿನಲ್ಲಿ ನಾನು ಕೂರುವುದು ಅವನ ಹಿಂದಿನ ಬೆಂಚಿನಲ್ಲಿ. ಪಾಸ್ಟರ್ ಲೆಹೋಟ್ಸ್ಕಿಯವರು ಪ್ರಸಂಗ ಮುಗಿಸಿ ಕನ್ನಡಕ ಮಡಿಸುವಷ್ಟರಲ್ಲಿ ಲಾಯ್ಡ್ ಪಕ್ಕದ ಅಕ್ಕನ ಕಡೆ ವಾಲಿ, "ಏಳು ಪಾಯಿಂಟ್ ಐದು. ಬೆನ್ನು ಗಟ್ಟಿ, ಮಧ್ಯದ ಹಾಳೆ ಸಡಿಲ" ಎಂದು ಪಿಸುಗುಟ್ಟುತ್ತಿದ್ದ. ಅಕ್ಕ ಡೊಲೊರೆಸ್ ಮೊಣಕೈಯಲ್ಲಿ ತಿವಿಯುತ್ತಿದ್ದಳು. ಅವಳು ಕೋಸಿನೆಲೆಯಲ್ಲಿ ಅನ್ನವನ್ನೂ ಮಾಂಸವನ್ನೂ ಸುತ್ತಿ ಮಾಡುವ ಹಲುಪ್ಕಿಗೆ ನಮ್ಮ ಹಾರ್ಲನ್ಸ್ ಬೆಂಡ್ ಊರಿನಲ್ಲೇ ಹೆಸರು. ಅದಕ್ಕೂ ಅವನು ಒಂದು ಸಲ ಎಂಟು ಕೊಟ್ಟು, "ಮೂಲೆ ಮಡಚಿದೆ ಅಕ್ಕ" ಎಂದಿದ್ದ. ಆ ವಾರವಿಡೀ ಅವನಿಗೆ ರಾತ್ರಿ ಊಟಕ್ಕೆ ಡಬ್ಬಿಯ ಸೂಪು.

ಈ ಚಟ ಅವನಿಗೆ ಹತ್ತಿದ್ದು ಕಾಮಿಕ್ಸ್ ಪುಸ್ತಕಗಳಿಂದ. ಹೊಟ್ಟೆಪಾಡಿಗೆ ಅವನು ಬೌಲಿಂಗ್ ಹಾಲಿನಲ್ಲಿ ಜನ ಬಿಟ್ಟುಹೋದ ಬಾಡಿಗೆ ಬೂಟುಗಳೊಳಗೆ ಔಷಧಿ ಹೊಡೆಯುತ್ತಿದ್ದ. ಉಳಿದ ಹೊತ್ತೆಲ್ಲ ಹಳೆಯ ಕಾಮಿಕ್ಸ್ ಕೂಡಿಡುವುದರಲ್ಲೇ. ಕೂಡಿಟ್ಟು ಓದುತ್ತಿದ್ದನೇ ಎಂದರೆ ಇಲ್ಲ. ಅವುಗಳನ್ನು ಗ್ರೇಡಿಂಗ್ ಕಂಪನಿಗೆ ಕಳಿಸುತ್ತಿದ್ದ. ಅವರು ಪುಸ್ತಕವನ್ನು ದೀಪದ ಕೆಳಗಿಟ್ಟು ಅಂಚು, ಮೂಲೆ, ಪಿನ್ನಿನ ತುಕ್ಕು ಎಲ್ಲ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ, ನೆತ್ತಿಯ ಮೇಲೊಂದು ಅಚ್ಚಿನ ಚೀಟಿ ಅಂಟಿಸಿ ವಾಪಸು ಕಳಿಸುತ್ತಿದ್ದರು. ಆಮೇಲೆ ಅದನ್ನು ಯಾರೂ ತೆರೆಯುವಂತಿಲ್ಲ. ತೆರೆದರೆ ಅಂಕ ಹೋಯಿತು. ಹೀಗೆ ಲಾಯ್ಡನ ಮನೆಯ ಗೋಡೆಗಳ ತುಂಬ ಯಾರೂ ಓದಲಾರದ ಪುಸ್ತಕಗಳು ಸಂತರ ಪಟಗಳಂತೆ ಸಾಲಾಗಿ ನಿಂತಿದ್ದವು. ಟಿವಿಯ ಮೇಲಿನ ಮುಖ್ಯ ಜಾಗದಲ್ಲಿ, ಕಂಪನಿಗೆ ಕಳಿಸದೆ ಗಾಜಿನ ಚೌಕಟ್ಟಿನಲ್ಲಿಟ್ಟ 'ಕಂಚಿನ ಗೂಬೆ'ಯ ಒಂದು ಸಂಚಿಕೆ ಇತ್ತು. ಅದರ ಮೇಲೆ, ಆ ಗೂಬೆಯನ್ನು ಸೃಷ್ಟಿಸಿ ಎಂದೋ ತೀರಿಕೊಂಡ ರೆಕ್ಸ್ ಹಾಲಂಡರ್ ಎಂಬ ಮಹಾಶಯನ ಸಹಿ. ಲಾಯ್ಡ್ ಅದರ ಮುಂದೆ ಹಾದುಹೋಗುವಾಗ ಟೋಪಿ ತೆಗೆಯುತ್ತಿದ್ದ ಎಂದು ಡೊಲೊರೆಸ್ ಹೇಳುತ್ತಾಳೆ. ಅವಳ ಮಾತಿನಲ್ಲಿ ಅರ್ಧ ಕಳೆದರೂ ಟೋಪಿಯನ್ನು ಮುಟ್ಟುತ್ತಿದ್ದನೆಂದಂತೂ ಆಯಿತು.

ಇನ್ನು ವೆರ್ನಾ ಕ್ಲಿಮೆಕ್. ವಯಸ್ಸು ಎಂಬತ್ತೇಳು, ಗಂಡ ತೀರಿ ಬಹಳ ಕಾಲವಾಗಿತ್ತು, ಎದೆಯಲ್ಲಿ ನೀರು ತುಂಬುವ ಕಾಯಿಲೆ. ಚರ್ಚಿನ ನೆಲಮಾಳಿಗೆಯಲ್ಲಿ ನಾವೆಲ್ಲ ಮನೆಯಿಂದ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ಪದ್ಧತಿಯಿದೆ. ಊಟ ಮುಗಿದ ಮೇಲೆ ಯಾವ ಪಾತ್ರೆ ಯಾರದೆಂದು ತಿಳಿಯಲು ಪಾತ್ರೆಯ ತಳಕ್ಕೆ ಕಾಗದದ ಟೇಪು ಅಂಟಿಸಿ ಹೆಸರು ಬರೆದಿರುತ್ತೇವೆ. ಬರೆದಿರುತ್ತೇವೆ ಎಂದರೆ, ವೆರ್ನಾ ಬರೆದಿರುತ್ತಾಳೆ. ಕೈಚೀಲದಲ್ಲಿ ಸದಾ ಒಂದು ಕಪ್ಪು ಪೆನ್ನು. ಅಕ್ಷರ ಹೇಗೆಂದರೆ, ಪ್ರತಿಯೊಂದೂ ಭಾನುವಾರದ ಬಟ್ಟೆ ಹಾಕಿಕೊಂಡು ನಿಂತ ಹಾಗೆ. 'ಬೆಕ್ಕು ಕಳೆದಿದೆ', 'ಮೆಟ್ಟಿಲು ಜಾರುತ್ತದೆ', 'ಮೀನಿನ ಊಟ ಶುಕ್ರವಾರ', ನಮ್ಮೂರಲ್ಲಿ ಏನು ಓದಿದರೂ ಅದು ವೆರ್ನಾಳ ಕೈ. ಅದನ್ನು ಯಾರೂ ಗಮನಿಸುತ್ತಿರಲಿಲ್ಲ. ಕುಡಿಯುವ ನೀರಿನ ರುಚಿಯನ್ನು ಯಾರು ಗಮನಿಸುತ್ತಾರೆ.

ಆ ಭಾನುವಾರ ಊಟವಾದ ಮೇಲೆ ಲಾಯ್ಡ್ ಇನ್ನೂ ಪ್ಲಾಸ್ಟಿಕ್ಕಿಗೆ ಹೋಗದ ಒಂದು 'ಕಂಚಿನ ಗೂಬೆ'ಯನ್ನು ಬಿಳಿ ಕೈಗವಸು ಹಾಕಿಕೊಂಡು ಮೇಜಿನ ಮೇಲೆ ಬಿಚ್ಚಿದ್ದ. ಎಲ್ಲರೂ ಪಾತ್ರೆಗಳನ್ನು ಮಗುಚಿ ಹೆಸರು ನೋಡುತ್ತ "ಇದು ನಂದು", "ಅದು ನಂದು" ಎನ್ನುವ ಹೊತ್ತು. ವೆರ್ನಾ ಪುಸ್ತಕದ ಪಕ್ಕ ನಿಂತು, ಗೂಬೆ ಬಾಯಿ ತೆರೆದು ಆಡುವ ಮಾತಿನ ಮೇಲೆ ಬೆರಳಿಟ್ಟು, "ಇದು ನಂದು" ಎಂದಳು.

ಪಾತ್ರೆಯ ಮಾತೆಂದುಕೊಂಡು ಯಾರೂ ತಿರುಗಿ ನೋಡಲಿಲ್ಲ. ಲಾಯ್ಡ್ ಮಾತ್ರ ನೋಡಿದ. ಪುಸ್ತಕದಲ್ಲಿದ್ದ ಅಕ್ಷರ ನೋಡಿದ, ಕೈಯಲ್ಲಿದ್ದ ಅಕ್ಕನ ಪಾತ್ರೆ ಮಗುಚಿ 'ಹುಡಾಕ್' ಎಂಬ ಟೇಪು ನೋಡಿದ. ಎರಡು ಕಡೆಯೂ ಕೆ ಅಕ್ಷರ ಒಂದು ಕಾಲು ಮುಂದೆ ಚಾಚಿ ಬಸ್ಸಿಗೆ ಕಾಯುವವನ ಹಾಗೆ ನಿಂತಿತ್ತು. ಪಾತ್ರೆಯಲ್ಲಿ ಮಿಕ್ಕಿದ್ದ ಹಲುಪ್ಕಿಯ ರಸ ಅವನ ಪ್ಯಾಂಟಿನ ಮೇಲೆ ಸುರಿಯಿತು.

"ಮಿಸೆಸ್ ಕ್ಲಿಮೆಕ್, ನೀವಾ?"

"ನ್ಯೂಯಾರ್ಕಲ್ಲಿದ್ದಾಗ ಕಣಪ್ಪ, ಮದುವೆಗೆ ಮುಂಚೆ. ಹಾಲಂಡರ್ ಆಫೀಸಲ್ಲಿ. ಅವರು ಚಿತ್ರ ಬರೆಯೋರು, ನಾನು ಮಾತು ಬರೆಯೋಳು. ಆ ಗೂಬೆ ಏನೇ ಬಾಯಿ ಬಿಟ್ರೂ ನನ್ನ ಕೈಯಿಂದ್ಲೇ. ಇರು, ಬೇಕಾದ್ರೆ ಹೆಸರು ಬರೆದುಕೊಡ್ತೀನಿ" ಎಂದು ಕೈಚೀಲದಿಂದ ಪೆನ್ನು ತೆಗೆದು ಮುಖಪುಟದ ಮೇಲೆ ಬಗ್ಗಿದಳು.

ಲಾಯ್ಡ್ ಪುಸ್ತಕವನ್ನು ಕಿತ್ತುಕೊಂಡು ಎದೆಗೊತ್ತಿಕೊಂಡ. "ಬೇಡಿ ಮಿಸೆಸ್ ಕ್ಲಿಮೆಕ್. ಸಾಕ್ಷಿ ಇಲ್ದೆ ಸಹಿ ಹಾಕ್ಬೇಡಿ. ಎಲ್ಲಾ ಹಾಳಾಗ್ಹೋಗತ್ತೆ."

ಅವನ ದನಿ ಜೋರಾಯಿತು. ತಟ್ಟೆ ಒರೆಸುತ್ತಿದ್ದ ನನಗೂ, ಅಡುಗೆಕೋಣೆಯ ಕಿಂಡಿಯಲ್ಲಿದ್ದ ಡೊಲೊರೆಸಳಿಗೂ, ಎರಡನೆಯ ಸಲ ಸಿಹಿ ಹಾಕಿಕೊಳ್ಳುತ್ತಿದ್ದ ಪಾಸ್ಟರರಿಗೂ ಕೇಳಿದ್ದು ಅದೊಂದೇ ಮಾತು. ಹಿಂದಿನದನ್ನೆಲ್ಲ ನಾನು ಆಮೇಲೆ ಅವರಿಬ್ಬರ ಬಾಯಿಂದಲೇ ಕೇಳಿ ತಿಳಿದದ್ದು.

ಕಂಪನಿಯ ನಿಯಮ ಹೀಗೆ. ಪುಸ್ತಕ ಬರೆದವರೇ ಅದರ ಮೇಲೆ ಸಹಿ ಹಾಕಿದರೂ, ಕಂಪನಿ ಒಪ್ಪಿದ ಸಾಕ್ಷಿಯೊಬ್ಬರು ಎದುರಿಗೆ ನಿಂತು ನೋಡಿರಬೇಕು. ನೋಡಿದ್ದರೆ ಹಳದಿ ಚೀಟಿ; ಅದರಲ್ಲಿ 'ಇಂಥವರ ಸಹಿ' ಎಂದು ಹೆಸರು ಅಚ್ಚಾಗುತ್ತದೆ. ಯಾರೂ ನೋಡದಿದ್ದರೆ ಅದು ಸಹಿಯಲ್ಲ, ಮುಖಪುಟದ ಮೇಲಿನ ಗೀಚು. ಹಸಿರು ಚೀಟಿ ಬರುತ್ತದೆ. ಲಾಯ್ಡನ ಲೋಕದಲ್ಲಿ ಹಸಿರು ಚೀಟಿ ಎಂದರೆ ಬಹಿಷ್ಕಾರವೇ ಸೈ.

ಮರುದಿನ ಅವನು ವೆರ್ನಾಳ ಮನೆಗೆ ಹೋಗಿ ಇದನ್ನೆಲ್ಲ ವಿವರಿಸಿದ. ಆಕೆ ಕಾಲುಗಳನ್ನು ಮಣೆಯ ಮೇಲೆ ಚಾಚಿ ಕೇಳಿಸಿಕೊಂಡಳು.

"ಪುಸ್ತಕದಲ್ಲಿ ನಿಮ್ಮ ಹೆಸರು ಎಲ್ಲೂ ಇಲ್ವಲ್ಲ ಮಿಸೆಸ್ ಕ್ಲಿಮೆಕ್. ಯಾಕೆ?"

"ಜಾಗ ಎಲ್ಲಿತ್ತು? ಹಾಲಂಡರ್ ಹೆಸರೇ ಅಷ್ಟುದ್ದ. ಅದನ್ನೂ ನಾನೇ ಬರೀತಿದ್ದೆ."

"ಈಗ ಬರತ್ತೆ. ಹಳದಿ ಚೀಟೀಲಿ, ಅಚ್ಚಲ್ಲಿ."

"ಅಚ್ಚಲ್ಲಿ ಅಂದ್ರೆ ಯಾರು ಬರೀತಾರೆ?"

"ಯಾರೂ ಬರೆಯಲ್ಲ, ಮೆಷಿನ್ನು."

ವೆರ್ನಾ ತನ್ನ ಬೆರಳುಗಳನ್ನೇ ನೋಡಿಕೊಂಡಳು. "ಎಲ್ಲರ ಹೆಸರೂ ನಾನೇ ಬರೆದೆ ಕಣಪ್ಪ. ನನ್ನ ಹೆಸರನ್ನ ನಾನಲ್ಲದೆ ಇನ್ನೊಬ್ಬರು ಬರೆದದ್ದು, ಅದೂ ಆ ಗೂಬೆ ಮೇಲೆ, ಒಂದು ಸಲ ಕಣ್ಣಲ್ಲಿ ನೋಡ್ಬೇಕು. ಬೇಗ ಮಾಡು. ಡಾಕ್ಟರು ಈಗೀಗ ನನ್ನ ಜೊತೆ ತುಂಬಾ ಮೆತ್ತಗೆ ಮಾತಾಡ್ತಿದ್ದಾರೆ."

ಇಷ್ಟೇ ವಿಷಯ. ಆದರೆ ಲಾಯ್ಡನಿಗೊಂದು ಭಯ. ವೆರ್ನಾ ಯಾರೆಂಬ ಸುದ್ದಿ ಪಿಟ್ಸ್‌ಬರ್ಗಿನ ಕಾಮಿಕ್ಸ್ ವ್ಯಾಪಾರಿಗಳ ಕಿವಿಗೆ ಬಿದ್ದರೆ ನಾಳೆ ಬೆಳಗ್ಗೆ ಅವರೆಲ್ಲ ಪುಸ್ತಕ ಹಿಡಿದು ಆಕೆಯ ಜಗಲಿಯಲ್ಲಿ ಸಾಲು ನಿಲ್ಲುತ್ತಾರೆ, ಆ ಜೀವ ಅಲ್ಲೇ ಹೋಗುತ್ತದೆ ಎಂದು. ಅದಕ್ಕೇ ಯಾರಿಗೂ ಹೇಳಬಾರದೆಂದು ಇಬ್ಬರೂ ಆಣೆ ಮಾಡಿಕೊಂಡರು. ಮನೆಯಲ್ಲಿ ಫೋನು ಇರುವುದು ಊಟದ ಕೋಣೆಯಲ್ಲಿ, ಡೊಲೊರೆಸ್ ಇರುವುದು ಅದರ ಪಕ್ಕದಲ್ಲಿ ಎಂಬುದನ್ನು ಆಣೆ ಮಾಡುವಾಗ ಅವನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅವನು ಕಂಪನಿಗೆ ಫೋನು ಮಾಡಿದಾಗ ಡೊಲೊರೆಸಳಿಗೆ ಕೇಳಿದ್ದು ಒಂದು ಕಡೆಯ ಮಾತು. "ಹೌದು, ಅವರ ಮನೇಲೇ ಆಗ್ಬೇಕು... ಎಂಬತ್ತೇಳು... ಇಲ್ಲ ಇಲ್ಲ, ನನಗೆ ಇದು ಮೊದಲನೇ ಸಲ... ಇಂಥದ್ದು ಸಿಗತ್ತಾ ಅಂತ ಜೀವಮಾನ ಕಾದಿದ್ದೀನಿ ಸಾರ್... ಸಾಕ್ಷಿ ಒಬ್ಬರು ಸಾಕಲ್ವಾ? ಶನಿವಾರ. ಅಲ್ಲೀವರೆಗೆ ನಾನು ಕೈ ಮುಟ್ಟಿಸಲ್ಲ."

ಅಕ್ಕ ಸ್ವೆಟರ್ ಹೆಣೆಯುವ ಕಡ್ಡಿ ಕೆಳಗಿಟ್ಟಳು. "ಏನೋ ಅದು?"

"ಈಗ ಹೇಳಕ್ಕಾಗಲ್ಲ ಅಕ್ಕ. ಆಣೆ ಇದೆ."

"ವೆರ್ನಾ ವಿಷ್ಯಾನಾ?"

ಲಾಯ್ಡನ ಕಿವಿ ಕೆಂಪಾಯಿತು. ಅದು ಸಾಕಾಯಿತು.

ಅವಳು ಕೋಟು ಹಾಕಿಕೊಂಡು ನೇರ ಪಾಸ್ಟರರ ಮನೆಗೆ ಹೋದಳು. ನಾನು ಅಲ್ಲೇ ಹಾಡಿನ ಪುಸ್ತಕಗಳಿಗೆ ಬೈಂಡು ಅಂಟಿಸುತ್ತ ಕೂತಿದ್ದೆ. ನಾನು ಮಾತಾಡುವುದು ಕಡಿಮೆಯಾದ್ದರಿಂದ ಜನ ನನ್ನನ್ನು ಕುರ್ಚಿಯ ಜೊತೆ ಸೇರಿಸಿಬಿಡುತ್ತಾರೆ.

"ಪಾಸ್ಟರ್, ನಮ್ಮ ಲಾಯ್ಡು ಮದುವೆ ಆಗ್ತಿದ್ದಾನೆ."

"ದೇವರಿಗೆ ಸ್ತೋತ್ರ. ಯಾರನ್ನ?"

"ವೆರ್ನಾ ಕ್ಲಿಮೆಕನ್ನ."

ಪಾಸ್ಟರರು ಕಾಫಿ ಲೋಟವನ್ನು ತಟ್ಟೆಯ ಮೇಲಿಡಲು ಹೋಗಿ ಪಕ್ಕದ ಬೈಬಲಿನ ಮೇಲಿಟ್ಟರು. "ಯಾವ ವೆರ್ನಾ?"

"ನಮ್ಮೂರಲ್ಲಿ ಎಷ್ಟು ಜನ ಇದ್ದಾರೆ? ಶನಿವಾರ, ಅವಳ ಮನೇಲೇ. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಆ ಒಂದು ಲೈಸೆನ್ಸ್ ಇದ್ಯಲ್ಲ, ಪಾದ್ರಿ ಬೇಡ, ಸಾಕ್ಷಿ ಎದುರಿಗೆ ಸಹಿ ಹಾಕಿದ್ರೆ ಮುಗೀತು ಅನ್ನೋದು. ಅದು."

ಮದುಮಗಳಿಗೆ ಎಂಬತ್ತೇಳು, ಮದುಮಗನಿಗೆ ಅರವತ್ತಮೂರು ಎಂಬುದು ಪಾಸ್ಟರರನ್ನು ಅಷ್ಟು ನೋಯಿಸಲಿಲ್ಲ. ಬೈಬಲಿನಲ್ಲಿ ಇದಕ್ಕಿಂತ ದೊಡ್ಡ ಲೆಕ್ಕಗಳಿವೆ. ಅವರನ್ನು ನೋಯಿಸಿದ್ದು 'ಪಾದ್ರಿ ಬೇಡ' ಎಂಬ ಮಾತು. "ನನ್ನ ಪ್ರಸಂಗಕ್ಕೆ ಅವನು ಅಂಕ ಹಾಕ್ತಾನೆ, ನನಗೆ ಗೊತ್ತಿಲ್ಲ ಅಂದ್ಕೋಬೇಡ ಡೊಲೊರೆಸ್. ಏಳಕ್ಕಿಂತ ಕೆಳಗೆ ಯಾವತ್ತೂ ಇಳಿದಿಲ್ಲ. ಮದುವೆ ಮಾತ್ರ ಅಷ್ಟು ಕೆಟ್ಟದಾಗಿ ಮಾಡ್ತೀನಾ?"

ಅಲ್ಲಿಂದ ಸುದ್ದಿಗೆ ಕಾಲು ಬಂತು. ನದಿ ದಾಟಿ ಪಕ್ಕದೂರಿನಲ್ಲಿದ್ದ ವೆರ್ನಾಳ ಸೋದರಳಿಯ ರೇಮಂಡನನ್ನು ತಲುಪುವಾಗ ಅದು ಮದುವೆಯೂ ಉಯಿಲೂ ಸೇರಿದ ಸುದ್ದಿಯಾಗಿತ್ತು. ಹಬ್ಬಕ್ಕೊಂದು ಕಾರ್ಡೂ ಕಳಿಸದವನಿಗೆ ಅತ್ತೆಯ ಮನೆಯ ಮೇಲೆ ಹಠಾತ್ತಾಗಿ ಮಮತೆ ಉಕ್ಕಿತು. ಬೌಲಿಂಗ್ ಹಾಲಿನಲ್ಲಿ ಲಾಯ್ಡನನ್ನು ಕಂಡವರು ಬೆನ್ನು ತಟ್ಟಿ, "ಏನಪ್ಪಾ, ಹಳೇ ಮಾಲಿನ ಮೇಲೆ ಕಣ್ಣಂತೆ" ಎಂದರು. ಗುಟ್ಟು ಹೊರಬಿತ್ತೆಂದುಕೊಂಡ ಲಾಯ್ಡ್ ಬೆವರಿ, "ಯಾರಿಗೂ ಹೇಳ್ಬೇಡಿ. ಆ ಕಾಲದ್ದು, ಇಷ್ಟು ಚೆನ್ನಾಗಿ ಉಳಿದಿರೋದು ಎಲ್ಲೂ ಸಿಗಲ್ಲ" ಎಂದು ಕೇಳಿಕೊಂಡ. ಆ ಮಾತು ಸಂಜೆಯೊಳಗೆ ನಮ್ಮ ಬೀದಿಗೆ ಬಂತು. ಕೇಳಿದ ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ತಮ್ಮ ಗಂಡಂದಿರು ಯಾರೂ ಹಾಗೆ ಹೇಳಿರಲಿಲ್ಲ.

ನಮ್ಮ ಕಣಿವೆಯಲ್ಲಿ ಮದುವೆ ಕೇಕಿಲ್ಲದೆ ನಡೆದೀತು, ಬಿಸ್ಕತ್ತಿನ ಮೇಜಿಲ್ಲದೆ ನಡೆಯುವುದಿಲ್ಲ. ಮದುವೆ ಗೊತ್ತಾಯಿತೆಂದರೆ ಪ್ರತಿ ಮನೆಯಿಂದಲೂ ಬಿಸ್ಕತ್ತಿನ ತಟ್ಟೆ ಹೋಗಬೇಕು. ಈ ಮದುವೆ ಸರಿಯೇ ತಪ್ಪೇ ಎಂದು ವಾರವಿಡೀ ವಾದ ನಡೆಯಿತು. ತಪ್ಪು ಎಂದವರ ಮನೆಯಲ್ಲೂ ಒಲೆ ಉರಿಯುತ್ತಿತ್ತು. ಡೊಲೊರೆಸ್ ತಾನು ಆ ಮನೆಗೆ ಕಾಲಿಡುವುದಿಲ್ಲವೆಂದು ಶಪಥ ಮಾಡಿ ಏಪ್ರಿಕಾಟ್ ಜಾಮು ತುಂಬಿದ ಕೊಲಾಚಿ ಬಿಸ್ಕತ್ತಿಗೆ ಹಿಟ್ಟು ಕಲಸಿದಳು. "ಒಪ್ಪಿಗೆ ಬೇರೆ, ಬಿಸ್ಕತ್ತು ಬೇರೆ" ಎಂದಳು.

ಶನಿವಾರ ಸಾಕ್ಷಿ ಬಂದಳು. ಟಮಾರಾ ಓಕ್ಸ್ ಎಂದು ಹೆಸರು, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ, ಕೈಯಲ್ಲಿ ಚಪ್ಪಟೆ ಪೆಟ್ಟಿಗೆ, ಮುಖದಲ್ಲಿ ನಗುವಿನ ಗುರುತೇ ಇಲ್ಲ. ಲಾಯ್ಡ್ ಒಳಗೆ ಮೇಜು ಒರೆಸುತ್ತಿದ್ದ. ವೆರ್ನಾಳ ಜಗಲಿಯ ತುಂಬ ಬಿಸ್ಕತ್ತಿನ ತಟ್ಟೆ ಹಿಡಿದ ಜನ. ಮುಂದೆ ಕಪ್ಪು ಕೋಟಿನಲ್ಲಿ ಕರೆಯದೆ ಬಂದ ಪಾಸ್ಟರರು, ಪಕ್ಕದಲ್ಲಿ ದವಡೆ ಬಿಗಿದ ರೇಮಂಡ್.

"ನೀವೇನಾ ಸಾಕ್ಷಿ?" ರೇಮಂಡ್ ಕೇಳಿದ.

"ಹೌದು ಸಾರ್. ಸಹಿ ಆಗೋದನ್ನ ನಾನು ಕಣ್ಣಾರೆ ನೋಡ್ಬೇಕು. ಆದ ತಕ್ಷಣ ನನ್ನ ವಶಕ್ಕೆ ತಗೊಂಡು ಹೊರಟ್ಬಿಡ್ತೀನಿ."

"ಎಲ್ಲಿಗೆ?" ಡೊಲೊರೆಸ್ ಕೇಳಿದಳು. ಕಾಲಿಡುವುದಿಲ್ಲ ಎಂದಿದ್ದವಳು ಎಲ್ಲರಿಗಿಂತ ಮೇಲಿನ ಮೆಟ್ಟಿಲ ಮೇಲಿದ್ದಳು.

"ಕಂಪನಿಗೆ. ಅಲ್ಲಿ ಪ್ಲಾಸ್ಟಿಕ್‌ನಲ್ಲಿ ಹಾಕಿ ಮುಚ್ಚಿಬಿಡ್ತಾರೆ. ಆಮೇಲೆ ಗಾಳಿನೂ ತಾಗಲ್ಲ."

ಜಗಲಿಯಲ್ಲಿ ಒಂದು ತಟ್ಟೆ ಕೆಳಗೆ ಬಿತ್ತು.

ರೇಮಂಡ್ ಮುಂದೆ ಬಂದ. "ನೋಡಿ ಮೇಡಂ, ಸ್ಥಿತಿ ಹೇಗಿದೆ ಅಂತ ನಿಮಗೆ ಗೊತ್ತಾ? ಅಷ್ಟು ವಯಸ್ಸು."

"ಹಳೇದು ಅಂತ ಗೊತ್ತು. ಬೆನ್ನು ನೆಟ್ಟಗಿದ್ರೆ ಸಾಕು. ಅಂಚು ಸವೆದಿರತ್ತೆ, ಬಣ್ಣ ಮಾಸಿರತ್ತೆ, ಒಂದು ಥರ ವಾಸನೆನೂ ಬಂದಿರತ್ತೆ. ಅದಕ್ಕೆಲ್ಲ ನಾವು ತಲೆ ಕೆಡಿಸ್ಕೊಳಲ್ಲ. ಹಿಂದಿನ ಮಾಲೀಕರು ತೇಪೆ ಗೀಪೆ ಹಾಕ್ಸಿಲ್ಲ ತಾನೆ?"

"ಆಕೆಗೆ ಸೊಂಟದ ಆಪರೇಷನ್ ಆಗಿದೆ" ಎಂದರು ಪಾಸ್ಟರರು, ಸತ್ಯಕ್ಕೆ ಬದ್ಧರಾಗಿ.

ಟಮಾರಾ ಒಬ್ಬೊಬ್ಬರ ಮುಖವನ್ನೂ ನೋಡಿ, "ನಾನು ಕಾಮಿಕ್ಸ್ ಪುಸ್ತಕದ ಮಾತಾಡ್ತಿದ್ದೀನಿ. ನೀವೆಲ್ಲ ಯಾರ ಮಾತಾಡ್ತಿದ್ದೀರಿ?" ಎಂದಳು.

ಆ ಹೊತ್ತಿಗೆ ಬಾಗಿಲು ತೆರೆಯಿತು. ನೀಲಿ ಉಡುಪು, ಕೂದಲಿಗೆ ಕ್ಲಿಪ್ಪು, ಕೋಲೂರಿಕೊಂಡು ವೆರ್ನಾ. ಹಿಂದೆ ಬಿಳಿ ಕೈಗವಸಿನ ಲಾಯ್ಡ್. ತಟ್ಟೆಗಳನ್ನೂ ಕಪ್ಪು ಕೋಟನ್ನೂ ಕಂಡು ಅವನು, "ಯಾರ ಮದುವೆ?" ಎಂದ.

ವೆರ್ನಾಳಿಗೆ ಮೊದಲು ಅರ್ಥವಾಯಿತು. ಆಕೆ ಎಷ್ಟು ನಕ್ಕಳೆಂದರೆ ಲಾಯ್ಡ್ ಕುರ್ಚಿ ತಂದು ಕೂರಿಸಬೇಕಾಯಿತು. "ಡೊಲೊರೆಸ್, ನಿನ್ನ ತಮ್ಮನ್ನ ನಾನು ಯಾಕೆ ಕಟ್ಕೊಳ್ಳಲಿ? ದಿನಾ ಬೆಳಗ್ಗೆ ಎದ್ರೆ ನಂಗೆ ಅಂಕ ಹಾಕ್ತಾನೆ" ಎಂದು ಉಸಿರು ಎಳೆದುಕೊಳ್ಳುತ್ತ ಹೇಳಿ, ಒಂದು ಕೊಲಾಚಿ ಕೈಗೆತ್ತಿಕೊಂಡಳು. "ಬಿಸ್ಕತ್ತು ಮಾತ್ರ ವಾಪಸ್ ತಗೊಂಡು ಹೋಗ್ಬೇಡಿ."

ಹೀಗೆ ಊರೆಲ್ಲ ಒಳಗೆ ಬಂತು. ಲಾಯ್ಡ್ ಕೊನೆಗೂ ಆಣೆ ಮುರಿದು ವಿಷಯ ಹೇಳಿದ. ಜನ ತಮ್ಮ ತಟ್ಟೆಗಳನ್ನು ಎತ್ತಿ ತಳದ ಹೆಸರು ನೋಡಿದರು, ಗೂಬೆಯ ಮಾತು ನೋಡಿದರು. ಅಷ್ಟು ವರ್ಷ ತೊಳೆದ ಪಾತ್ರೆಗಳನ್ನು ಆ ದಿನ ಮೊದಲ ಸಲ ಓದಿದರು.

ವೆರ್ನಾ ಮೇಜಿಗೆ ಕೂತಳು. ಒಂದು ವಾರದಿಂದ ಆಕೆ ಹಳೆಯ ಲಕೋಟೆಗಳ ಬೆನ್ನಿನ ಮೇಲೆ ತನ್ನ ಹೆಸರನ್ನು ಬರೆದು ಬರೆದು ಅಭ್ಯಾಸ ಮಾಡಿದ್ದಳು. ಕೈ ನಡುಗುತ್ತಿತ್ತು. ಟಮಾರಾ ಎದುರಿಗೆ ನಿಂತು, "ಶುರು ಮಾಡಿ ಮೇಡಂ, ನಾನು ನೋಡ್ತಿದ್ದೀನಿ" ಎಂದಳು. ಅಲ್ಲಿದ್ದ ನಾವೆಲ್ಲರೂ ನೋಡುತ್ತಿದ್ದೆವು.

ಪೆನ್ನಿನ ಮೊನೆ ಮುಖಪುಟಕ್ಕೆ ತಾಗಿದ್ದೇ ನಡುಕ ನಿಂತಿತು. ಬೆನ್ನು ನೆಟ್ಟಗಾಯಿತು. ಕೈ ತಾನೇ ದಾರಿ ಬಲ್ಲ ಕುದುರೆಯ ಹಾಗೆ ಹೊರಟು, ಎಲ್ಲೂ ಎತ್ತದೆ, ಒಂದೇ ಬೀಸಿನಲ್ಲಿ ಬರೆದು ಕೆಳಗೊಂದು ಉದ್ದನೆಯ ಗೆರೆ ಎಳೆಯಿತು. ವೆರ್ನಾ ತಲೆಯೆತ್ತಿ ನಕ್ಕಳು.

ಅಲ್ಲಿ ಬರೆದದ್ದು 'ರೆಕ್ಸ್ ಹಾಲಂಡರ್' ಎಂದು.

ಟಮಾರಾ ಬಗ್ಗಿ ನೋಡಿದಳು, ಇನ್ನಷ್ಟು ಬಗ್ಗಿ ನೋಡಿದಳು. "ಮೇಡಂ, ಈ ಸಹಿ... ಇದನ್ನ ನೀವು ಹೇಗೆ ಕಲ್ತಿರಿ?"

"ಕಲಿಯೋದೇನು? ಹುಡುಗರು ಪುಸ್ತಕ ಕಳಿಸೋರು, ಸಹಿ ಹಾಕ್ಕೊಡಿ ಅಂತ. ಹಾಲಂಡರಿಗೆ ಪುರುಸೊತ್ತು ಎಲ್ಲಿ? 'ವೆರ್ನಾ, ನೀನೇ ಹಾಕ್ಬಿಡು' ಅನ್ನೋರು. ಊಟದ ಹೊತ್ತಲ್ಲಿ ಕೂತು ಹಾಕ್ತಿದ್ದೆ. ಗೆರೆ ಸಾಕಷ್ಟು ಉದ್ದ ಬಂತಾ? ಚಿಕ್ಕದಾದ್ರೆ ಬೈತಿದ್ರು."

ಲಾಯ್ಡ್ ಟಿವಿಯ ಮೇಲಿನ ತನ್ನ ಪುಸ್ತಕವನ್ನು ನೆನೆಸಿಕೊಂಡಿರಬೇಕು. ಅವನ ಕೈ ಟೋಪಿಯ ಕಡೆ ಹೋಗಿ ಅರ್ಧದಲ್ಲಿ ನಿಂತಿತು. ಆದರೆ ಅವನು ಕೇಳಿದ್ದು ಬೇರೆ. ಮೇಜಿನ ಪಕ್ಕ ಮೊಣಕಾಲೂರಿ, "ಮಿಸೆಸ್ ಕ್ಲಿಮೆಕ್, ಈಗ ಇದರ ಕೆಳಗೆ ನಿಮ್ಮ ಹೆಸರು ಹಾಕಿ. ವೆರ್ನಾ ಅಂತ. ವಾರವೆಲ್ಲ ಬರೆದ್ರಲ್ಲ, ಹಾಗೇ" ಎಂದ.

ಆಕೆ ಪೆನ್ನು ಎತ್ತಿದಳು. ಮುಖಪುಟ ನೋಡಿದಳು. ಎಲ್ಲಿಗೋ ಹೋಗಿಬಂದಂತೆ ಮುಖ ಬದಲಾಯಿತು. "ಇದರ ಮೇಲೆ ನಂದು ಹಾಕ್ಬಾರ್ದಪ್ಪ. ಕೆಲಸ ಹೋಗತ್ತೆ."

"ಈಗ ಯಾರೂ ಇಲ್ಲ ಮಿಸೆಸ್ ಕ್ಲಿಮೆಕ್. ಹಾಲಂಡರ್ ಸತ್ತು ಎಷ್ಟೋ ಕಾಲ ಆಯ್ತು."

"ಅಯ್ಯೋ ಪಾಪ" ಎಂದಳು ವೆರ್ನಾ, ಆಗಷ್ಟೇ ಸುದ್ದಿ ಕೇಳಿದವಳಂತೆ. ಪೆನ್ನಿಗೆ ಮುಚ್ಚಳ ಹಾಕಿ ಕೈಚೀಲದೊಳಗಿಟ್ಟಳು. ಪಾಸ್ಟರರು ಹೇಳಿ ನೋಡಿದರು. ಡೊಲೊರೆಸ್ ಗದರಿ ನೋಡಿದಳು. ಕೈಚೀಲ ಮತ್ತೆ ತೆರೆಯಲಿಲ್ಲ.

ಟಮಾರಾ ಪುಸ್ತಕವನ್ನು ಪೆಟ್ಟಿಗೆಗೆ ಹಾಕುವಾಗ ಬಹಳ ನಿಧಾನ ಮಾಡಿದಳು. "ನಾನು ಕಂಡದ್ದನ್ನ ಕಂಡ ಹಾಗೇ ಬರೀತೀನಿ ಸಾರ್. ಅವರೇ ಬರೆದ್ರು ಅಂತನೂ ಬರೀತೀನಿ. ಕಂಪನಿಯವರು ಒಪ್ಪೋದು ಕಷ್ಟ" ಎಂದು ಲಾಯ್ಡನಿಗೆ ಹೇಳಿದಳು. ಹೊರಡುವಾಗ ಡೊಲೊರೆಸ್ ಅವಳ ಕೈಗೊಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟಳು. ಮದುವೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿ ನಮ್ಮಲ್ಲಿ ರೂಢಿಯಿಲ್ಲ.

ಪುಸ್ತಕ ವಾಪಸು ಬರುವ ಹೊತ್ತಿಗೆ ವೆರ್ನಾ ಆಸ್ಪತ್ರೆಯಲ್ಲಿದ್ದಳು. ಲಾಯ್ಡ್ ಪೊಟ್ಟಣವನ್ನು ನಮ್ಮ ಮುಂದೆಯೇ ಒಡೆದ. ಹಸಿರು ಚೀಟಿ. ಅಂಕ ಆರು. ಅದರ ಕೆಳಗೆ ಸಣ್ಣ ಅಚ್ಚಿನಲ್ಲಿ, 'ಮುಖಪುಟದ ಮೇಲೆ ರೆಕ್ಸ್ ಹಾಲಂಡರ್ ಎಂಬ ಹೆಸರು ಬರೆಯಲಾಗಿದೆ'. ಬರೆದದ್ದು ಯಾರೆಂಬುದಕ್ಕೆ ಆ ಚೀಟಿಯಲ್ಲಿ ಜಾಗವಿರಲಿಲ್ಲ.

ಅದನ್ನೇ ಹಿಡಿದುಕೊಂಡು ಅವನು ಆಸ್ಪತ್ರೆಗೆ ಹೋದ. ನಾನೂ ಡೊಲೊರೆಸಳೂ ಜೊತೆಗಿದ್ದೆವು. ವೆರ್ನಾ ದಿಂಬಿಗೊರಗಿ ಕೂತಿದ್ದಳು, ಮೂಗಿಗೆ ಕೊಳವೆ. ಕನ್ನಡಕ ಎಲ್ಲೋ ಇತ್ತು, ಯಾರೂ ಹುಡುಕಲಿಲ್ಲ.

"ಬಂತಾ?"

"ಬಂತು ಮಿಸೆಸ್ ಕ್ಲಿಮೆಕ್."

"ನನ್ನ ಹೆಸರು?"

ಲಾಯ್ಡ್ ಪ್ಲಾಸ್ಟಿಕ್ಕನ್ನು ಬೆಳಕಿಗೆ ಹಿಡಿದ. ಅಕ್ಕ ಮಾಡಿದ ಹಲುಪ್ಕಿಗೂ ಅರ್ಧ ಅಂಕ ಜಾಸ್ತಿ ಕೊಡದವನು, "ಬಂದಿದೆ. ಅಚ್ಚಲ್ಲಿ. ವೆರ್ನಾ ಕ್ಲಿಮೆಕ್ ಅಂತ ಪೂರ್ತಿ" ಎಂದ.

"ಚೀಟಿ ಯಾವ ಬಣ್ಣ?"

"ಹಳದಿ."

ವೆರ್ನಾ ಕಣ್ಣು ಕಿರಿದು ಮಾಡಿ ಅವನನ್ನೇ ನೋಡಿದಳು. "ಅಕ್ಷರ ಕಾಣಲ್ಲ ಕಣಪ್ಪ, ಬಣ್ಣ ಕಾಣತ್ತೆ. ಸುಳ್ಳು ಹೇಳೋದ್ರಲ್ಲಿ ನಿಂಗೆ ಹತ್ತಕ್ಕೆ ಎರಡು ಕೊಡಬಹುದು." ಆಮೇಲೆ ಅವನ ಕೈಯನ್ನು ತಟ್ಟಿ, "ಎರಡೂವರೆ" ಎಂದಳು.

ಲಾಯ್ಡ್ ಹೊರಗೆ ಹೋಗಿ ಕಿಟಕಿಯ ಹತ್ತಿರ ಗೋಡೆಗೆ ಮುಖ ಮಾಡಿ ನಿಂತ. ಡೊಲೊರೆಸ್ ಅವನ ಹಿಂದೆ ಹೋದಳು. ಅವನ ಕಾಲರು ಸರಿಮಾಡಿದಳು.

ಮುಂದಿನ ಭಾನುವಾರಕ್ಕೆ ಮೊದಲೇ ವೆರ್ನಾ ಹೋದಳು. ಹಿಮ ಬೀಳುವ ಬೆಳಗ್ಗೆ ಮಣ್ಣು ಮಾಡಿದೆವು. ಪಾಸ್ಟರರು ಓದಿದ ವಚನಗಳನ್ನು ನಾನು ಅಜ್ಜಿಯ ತೊಡೆಯ ಮೇಲೆ ಕೂತಾಗಿನಿಂದ ಕೇಳುತ್ತ ಬಂದವಳು. ಆ ದಿನ ಅವರು ನಡುವೆ ತಡವರಿಸಿದರು. ನನ್ನ ಮುಂದಿನ ಬೆಂಚಿನಿಂದ ಅಂಕ ಬರಲಿಲ್ಲ.

ಆಮೇಲೆ ನೆಲಮಾಳಿಗೆಯಲ್ಲಿ ಊಟ. ಎಲ್ಲರೂ ತಂದಿದ್ದರು. ಊಟ ಮುಗಿದು, ತೊಳೆದು, ಪಾತ್ರೆಗಳನ್ನು ಮಗುಚಿ ಹೆಸರು ನೋಡುವ ಹೊತ್ತು ಬಂತು. ಯಾರೂ "ಇದು ನಂದು" ಎನ್ನಲಿಲ್ಲ. ಟೇಪಿನ ಮೇಲೆ ಬೆರಳಾಡಿಸಿ ಸುಮ್ಮನೆ ಎತ್ತಿಕೊಂಡು ಹೋದರು. ಕೊನೆಗೆ ಮೇಜಿನ ಮೇಲೆ ಒಂದು ಉಳಿಯಿತು. ನೀಲಿ ಎನಾಮಲಿನ, ಅಂಚು ಚಕ್ಕೆಯೆದ್ದ ಒಂದು ಪಾತ್ರೆ. ವೆರ್ನಾಳ ಅಡುಗೆಕೋಣೆಯಿಂದ ಅದನ್ನು ಡೊಲೊರೆಸಳೇ ತಂದು, ಹಲುಪ್ಕಿ ತುಂಬಿ ಇಟ್ಟಿದ್ದಳು. ಲಾಯ್ಡ್ ಮಗುಚಿ ನೋಡಿದ. ತಳದಲ್ಲಿ ಏನೂ ಇರಲಿಲ್ಲ.

"ಅದಕ್ಕೆ ಯಾವತ್ತೂ ಹೆಸರಿರ್ಲಿಲ್ಲ ಕಣೋ" ಎಂದಳು ಡೊಲೊರೆಸ್. "ಹೆಸರಿಲ್ದೇ ಇರೋದು ಅದೊಂದೇ ಅಲ್ವಾ, ಅದಕ್ಕೇ ವೆರ್ನಾದು ಅಂತ ಎಲ್ಲರಿಗೂ ಗೊತ್ತಾಗ್ತಿತ್ತು. ನಾನೇ ಎಷ್ಟು ಸಲ ಅವಳ ಮನೆಗೆ ತಲುಪಿಸಿದ್ದೀನಿ."

ಲಾಯ್ಡ್ ಪಾತ್ರೆಯನ್ನು ತನ್ನ ಅಂಗಿಯಿಂದ ಒರೆಸಿದ. ಟೇಪು ಕೇಳಿದ. ಡೊಲೊರೆಸ್ ಡ್ರಾಯರಿನಿಂದ ತಂದುಕೊಟ್ಟಳು. ಪೆನ್ನು ಕೇಳಿದ. ಪಾಸ್ಟರರು ಜೇಬಿನಿಂದ ಕೊಟ್ಟರು. ಬಾಗಿಲವರೆಗೆ ಹೋಗಿದ್ದವರು, ಕೋಟಿಗೆ ಒಂದು ತೋಳು ತೂರಿಸಿದ್ದವರು, ಎಲ್ಲ ಹಿಂದಿರುಗಿ ಮೇಜಿನ ಸುತ್ತ ನಿಂತರು. ರೇಮಂಡನೂ ನಿಂತ. ಲಾಯ್ಡನ ಕೈಬರಹ ಶಾಲೆಯಲ್ಲೇ ಮೇಷ್ಟರು ಕೈಬಿಟ್ಟಿದ್ದು. ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಬರೆದ. 'ವೆರ್ನಾ' ದೊಡ್ಡದಾಯಿತು, 'ಕ್ಲಿಮೆಕ್' ಇರುಕಿಕೊಂಡಿತು, ಕೊನೆಯ ಕೆ ಕಾಲು ಚಾಚಲು ಹೋಗಿ ಟೇಪಿನಾಚೆ ಎನಾಮಲಿನ ಮೇಲೆ ಬಿತ್ತು.

ನಾವೆಲ್ಲ ನೋಡುತ್ತಿದ್ದೆವು.

"ಎಷ್ಟು ಕೊಡ್ತೀಯೋ?" ಡೊಲೊರೆಸ್ ಮೆಲ್ಲಗೆ ಕೇಳಿದಳು.

"ಎರಡೂವರೆ" ಎಂದ ಲಾಯ್ಡ್.

ತಳ ಇನ್ನೂ ಒದ್ದೆಯಿದ್ದುದರಿಂದ ಟೇಪು ನಿಲ್ಲುತ್ತಿರಲಿಲ್ಲ. ಅವನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಬಹಳ ಹೊತ್ತು ಕೂತಿದ್ದ. ಆಮೇಲೆ ಎದ್ದು, ಹೆಸರಿರುವ ಪಾತ್ರೆಯನ್ನು ಅವರವರ ಮನೆಗೆ ತಲುಪಿಸುವುದು ನಮ್ಮ ಪದ್ಧತಿಯಾದ್ದರಿಂದ, ಅದನ್ನು ಎರಡು ಕೈಯಲ್ಲಿ ಹಿಡಿದು ಬಾಗಿಲವರೆಗೆ ನಡೆದ. ಅಲ್ಲಿ ನಿಂತ. ಎಲ್ಲಿಗೆ ಎಂದು ನಮ್ಮಲ್ಲಿ ಯಾರೂ ಹೇಳಲಿಲ್ಲ.